ಹುಕುಂನಲ್ಲಿ ಹೆಣದ ಮಾತಿಲ್ಲ

ಸತ್ತ ಹೆಂಗಸಿನ ಬಟ್ಟೆ ಅವಳ ಹೆಣ ತೊಳೆದವಳಿಗೆ ಸೇರಬೇಕು. ನಮ್ಮ ಕಣಿವೆಯಲ್ಲಿ ಇದು ಹಿಂದಿನಿಂದ ಬಂದ ರೂಢಿ. ಕೂಲಿ ಅಂತ ಯಾರೂ ಕೊಡುವುದಿಲ್ಲ. ಹೆಣ ತೊಳೆದದ್ದಕ್ಕೆ ಕೂಲಿ ಕೇಳುವುದೂ ಪಾಪ, ಕೊಡುವುದೂ ಪಾಪ. ಬಟ್ಟೆ ಕೊಟ್ಟು ಮುಖ ಆಚೆ ತಿರುಗಿಸುತ್ತಾರೆ. ನಾನು ಅಂಗಳ ದಾಟಿದ ಮೇಲೆ ನಾನು ಕೂತ ಜಾಗಕ್ಕೆ ನೀರು ಚೆಲ್ಲುತ್ತಾರೆ. ನನ್ನ ತಾಯಿಗೂ ಹೀಗೇ ಮಾಡಿದರು. ಮದುವೆಗೆ ನಮ್ಮನ್ನು ಕರೆಯುವುದಿಲ್ಲ. ಕರೆಯದಿದ್ದರೆ ಬೇಡ. ಕೊನೆಗೆ ಎಲ್ಲರೂ ನನ್ನ ಕೈಗೇ ಬರಬೇಕು.

ನನ್ನ ಹೆಸರು ತೋರ್ಪೇಕೈ. ಕಪ್ಪು ಮುಂಗುರುಳಿನವಳು ಅಂತ ಅರ್ಥ. ಈಗ ತಲೆ ಪೂರಾ ಬೆಳ್ಳಗಾಗಿದೆ. ಹೆಸರು ಹಿಡಿದು ಕರೆಯುವವರೂ ಯಾರೂ ಉಳಿದಿಲ್ಲ.

ಹೆಣದ ಬಟ್ಟೆಯನ್ನು ಒಗೆದು, ಹರಿದಲ್ಲಿ ಹೊಲಿದು, ಪೇಟೆಯ ಹಳೇ ಬಟ್ಟೆ ಸಾಲಿನಲ್ಲಿ ಮಾರುತ್ತಿದ್ದೆ. ಇದರಲ್ಲಿ ನಾಚಿಕೆ ಏನಿದೆ? ಸತ್ತವಳಿಗೆ ಬೇಡ, ಬದುಕಿದವಳಿಗೆ ಚಳಿ. ಆದರೆ ಭೂಕಂಪದ ಬುರ್ಖಾಗಳನ್ನು ಮಾತ್ರ ಮಾರಲಾಗಲಿಲ್ಲ. ತಗಡಿನ ಪೆಟ್ಟಿಗೆಯ ತುಂಬ ಅವೇ ಇದ್ದವು.

ಜೋಳದ ತೆನೆ ಹಾಲು ಕಟ್ಟುವ ಕಾಲದಲ್ಲಿ, ನಸುಕಿನಲ್ಲಿ, ಬೆಟ್ಟ ನಡುಗಿತು. ನಮ್ಮ ಊರಲ್ಲಿ ಒಂದು ಮನೆಯ ಸೂರು ಮೇಲಿನ ಮನೆಗೆ ಅಂಗಳ. ಎಲ್ಲವೂ ಒಂದರ ತಲೆಯ ಮೇಲೊಂದು ಕೂತವು. ಗಂಡಸರು ಗಂಡಸರನ್ನು ಎಳೆದು ತೆಗೆದರು, ಮಕ್ಕಳನ್ನು ತೆಗೆದರು. ಹೆಂಗಸರ ಹತ್ತಿರ ಬಂದಾಗ ಕೈಕಟ್ಟಿ ನಿಂತರು. ಅನ್ಯ ಹೆಂಗಸಿನ ಕೈ ಹಿಡಿದು ಎಳೆಯುವುದು ಹೇಗೆ? ಅವಳ ಗಂಡ ಎಲ್ಲಿ, ಅಣ್ಣ ಎಲ್ಲಿ ಅಂತ ಹುಡುಕಿದರು. ಅವರೂ ಕಲ್ಲಿನ ಕೆಳಗೇ ಇದ್ದರು. ಕೆಲವರು ಸೆರಗು ಹಿಡಿದು ಎಳೆದರು. ಸೆರಗು ಮಾತ್ರ ಕೈಗೆ ಬಂತು. ಕೆಳಗಿನಿಂದ ಕೂಗುತ್ತಿದ್ದವರು ಹೊತ್ತೇರಿದಂತೆ ಕೂಗುವುದನ್ನು ಬಿಟ್ಟರು.

ನಮ್ಮ ಜಿಲ್ಲೆಯವರೇ ಕಟ್ಟಿದ ಒಂದು ಸಂಸ್ಥೆ ಇದೆ. ಕಾಲುವೆ ತೋಡಿಸಿದ್ದಾರೆ, ಬಾವಿ ತೆಗೆಸಿದ್ದಾರೆ, ಹುಡುಗಿಯರಿಗೆ ಹೆರಿಗೆ ಮಾಡಿಸುವುದನ್ನು ಕಲಿಸಿದ್ದಾರೆ. ಪರದೇಶದವರು ವಿಮಾನ ಹತ್ತಿ ಹೋದ ಮೇಲೂ ಇವರು ಹೋಗಲಿಲ್ಲ. ಹೋಗಲು ಇವರಿಗೆ ಬೇರೆ ಊರಿರಲಿಲ್ಲ. ರೋಖಾನಾ ಆ ಸಂಸ್ಥೆಯ ಸೂಲಗಿತ್ತಿ, ಓದಿದವಳು. ನೆಲ ನಡುಗಿದ ಸುದ್ದಿ ಕೇಳಿ ಇನ್ನಿಬ್ಬರು ಹೆಂಗಸರನ್ನು ಕರೆದುಕೊಂಡು, ಔಷಧಿ ಗಂಟು ಹೊತ್ತು, ಬೆಟ್ಟ ಸುತ್ತಿ ನಡೆದುಕೊಂಡೇ ಬಂದಳು. ಸೇತುವೆಯ ಠಾಣೆಯಲ್ಲಿ ತಡೆದರು. ಜೊತೆಗೆ ಗಂಡಸಿಲ್ಲ, ಮೇಲಿನಿಂದ ಹುಕುಂ ಬರಲಿ ಎಂದರು. ಹುಕುಂ ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಅಷ್ಟರಲ್ಲಿ ಅವರ ಕೆಲಸ ನನ್ನ ಕೆಲಸವಾಗಿತ್ತು.

ನನ್ನ ಮಗನೂ ಹೋದ. ಅವನನ್ನು ಗಂಡಸರು ತೊಳೆದರು. ನಾನು ಬೇರೆಯವರ ಹೆಣ್ಣುಮಕ್ಕಳನ್ನು ತೊಳೆಯುತ್ತಿದ್ದೆ.

ಅವರಲ್ಲಿ ಸ್ತೋರೈ ಅಂತ ಒಬ್ಬಳು, ತಾಜ್‌ಮೀರನ ಹೆಂಡತಿ. ಅವಳು ಸಾಯಬೇಕಾಗಿರಲಿಲ್ಲ. ಮೊದಲ ನಡುಕಕ್ಕೇ ಮಗುವನ್ನೆತ್ತಿಕೊಂಡು ಹೊರಗೆ ಓಡಿ ಬಂದಿದ್ದಳು. ಅಂಗಳದ ತುಂಬ ಗಂಡಸರು, ಅವಳ ತಲೆ ಬರಿದು. ಮಗುವನ್ನು ಕೆಳಗಿಟ್ಟು, ಗೂಟದಲ್ಲಿದ್ದ ಬುರ್ಖಾ ತರಲು ಮತ್ತೆ ಒಳಗೆ ಓಡಿದಳು. ಗೂಟದವರೆಗೆ ತಲುಪಿದ್ದಳು. ನನ್ನ ಹತ್ತಿರ ತಂದಾಗ ಬುರ್ಖಾ ಅವಳ ಮುಷ್ಟಿಯಲ್ಲೇ ಇತ್ತು. ಬೆಚ್ಚನೆಯ ನೀರು ಹನಿಸಿ ಹನಿಸಿ, ಒಂದೊಂದೇ ಬೆರಳು ಬಿಡಿಸಿ ತೆಗೆದೆ.

"ತಗೊಂಡ್ಹೋಗು ದೊಡ್ಡಮ್ಮ," ಎಂದ ತಾಜ್‌ಮೀರ್ ಗೋಡೆಯ ಆಚೆಯಿಂದ. "ಇನ್ಯಾವತ್ತೂ ಅದು ನನ್ನ ಕಣ್ಣಿಗೆ ಬೀಳ್ಬಾರ್ದು."

ಕಣ್ಣಿನ ಜಾಲರಿ ಹರಿದಿತ್ತು. ನೀಲಿ ದಾರ ಸಿಗಲಿಲ್ಲ. ಹಸಿರು ದಾರದಲ್ಲಿ ಹೊಲಿದು ಪೆಟ್ಟಿಗೆಯಲ್ಲಿಟ್ಟೆ.

ಆಮೇಲೆ ಆ ಪೆಟ್ಟಿಗೆಯ ಮೇಲೆ ನಾನು ಕೂರುತ್ತಿರಲಿಲ್ಲ. ರೊಟ್ಟಿ ಸುಡುವಾಗ ಅದಕ್ಕೆ ಬೆನ್ನು ಮಾಡುತ್ತಿರಲಿಲ್ಲ. ಗಾಳಿ ಬೀಸಿದರೆ ತಗಡು ಗುಣುಗುಣು ಅನ್ನುತ್ತಿತ್ತು.

"ಅತ್ತೆ, ಅವರೆಲ್ಲ ಒಳಗೆ ಏನೋ ಮಾತಾಡ್ಕೋತಾರೆ," ಅನ್ನುತ್ತಿದ್ದಳು ನನ್ನ ಸೊಸೆ ಗುಲಾಲೈ.

"ಮಾತಾಡ್ಲಿ ಬಿಡು. ಬದುಕಿದ್ದಾಗ ಯಾರು ಬಿಟ್ಟಿದ್ರು?"

ಮಗ ಹೋಗುವಾಗ ಗುಲಾಲೈ ಬಸುರಿ. ಅವಳ ಚೊಚ್ಚಲ ಮಗು ಕಾಲು ಮುಂದಾಗಿ ಬಂದು, ಕುತ್ತಿಗೆ ಸಿಕ್ಕಿ ಸತ್ತಿತ್ತು. ಭೂಕಂಪವಾದ ಮೇಲೆ ಸಂಸ್ಥೆಯವರು ಶಾಲೆಯ ಬಯಲಿನಲ್ಲಿ ಹೆಂಗಸರಿಗೆಂದೇ ಒಂದು ಬಿಳಿ ಡೇರೆ ಹಾಕಿದ್ದರು. ಹೆಂಗಸರ ಕೆಲಸದ ಮೇಲಿನ ಹುಕುಂ ಕೆಲವು ವಾರ ಸಡಿಲವಿತ್ತು. ರೋಖಾನಾ ಅಲ್ಲಿ ಕೂತು ಬಸುರಿಯರನ್ನು ನೋಡುತ್ತಿದ್ದಳು.

"ಎಂಟು ತುಂಬಿದ ಕೂಡ್ಲೇ ಬಾರೇ," ಎಂದಿದ್ದಳು ಗುಲಾಲೈಗೆ. "ಮಗು ಈ ಸಲಾನೂ ಉಲ್ಟಾ ಕೂತಿದ್ರೆ ಹೊಟ್ಟೆ ಮೇಲಿಂದ್ಲೇ ಕೈಯಾಡಿಸಿ ತಿರುಗಿಸ್ಬೋದು. ನೋವು ಶುರುವಾದ್ಮೇಲೆ ಬಂದ್ರೆ ನನ್ನ ಕೈಲೂ ಆಗಲ್ಲ."

ಎಂಟು ತುಂಬುವ ಮೊದಲೇ ಹುಕುಂ ಮತ್ತೆ ಬಿಗಿಯಾಯಿತು. ಸಂಸ್ಥೆಯಲ್ಲಿ ಹೆಂಗಸರು ಕೆಲಸ ಮಾಡುವಂತಿಲ್ಲ. ಠಾಣೆ ನಡೆಸುವ ಮೌಲವಿ ಹಿಜ್ರತ್ ಖುದ್ದಾಗಿ ಬಂದು ರೋಖಾನಾಳನ್ನು ಎಬ್ಬಿಸಿ ಕಳಿಸಿದ. ಮನೆಯಲ್ಲಿ ಕೂತು ಯಾರನ್ನಾದರೂ ಮುಟ್ಟಿ ನೋಡಿದರೆ ಅವಳ ತಮ್ಮನನ್ನು ಒಳಗೆ ಹಾಕುತ್ತೇನೆ ಎಂದ. ತಮ್ಮ ಬರ್ಯಾಲೈಯೇ ಸಂಸ್ಥೆಯ ಮೇಲ್ವಿಚಾರಕ. ಅವನು ಇಂಜಿನಿಯರ್ ಅಲ್ಲ. ಆದರೂ ಸಂಸ್ಥೆಯ ಯಾರು ಬಂದರೂ ನಾವು ಇಂಜಿನಿಯರ್ ಸಾಹೇಬ ಅನ್ನುವುದೇ ರೂಢಿ.

ಡೇರೆ ನಿಂತೇ ಇತ್ತು. ಒಳಗೆ ತಕ್ಕಡಿ, ಬೆಂಚು, ಪರದೆ ಎಲ್ಲ ಇದ್ದವು. ನೋಡುವವಳಿರಲಿಲ್ಲ.

ಗುಲಾಲೈಗೆ ಎಂಟು ತುಂಬಿತು. ಅವಳ ಪಕ್ಕೆಯ ಕೆಳಗೆ ಗಟ್ಟಿ ಗುಂಡಗೆ ಏನೋ ಒತ್ತುತ್ತಿತ್ತು. "ತಲೆ ಅಲ್ವಾ ಅತ್ತೆ ಇದು?" ಅಂತ ನನ್ನ ಕೈ ಹಿಡಿದು ಅಲ್ಲಿಡುತ್ತಿದ್ದಳು. ನಾನೇನು ಹೇಳಲಿ? ನನ್ನ ಕೈಗೆ ತಣ್ಣಗಿನ ಮೈ ಗೊತ್ತು. ಒಳಗೆ ಮಿಸುಕಾಡುವುದು ಗೊತ್ತಿಲ್ಲ.

ಹೀಗಿರುವಾಗ ಬರ್ಯಾಲೈ ಜೀಪಿನಲ್ಲಿ ಬಂದ. ಜೊತೆಗೆ ಚಾಲಕ ಜಂದಾದ್.

"ಅಜ್ಜಿ, ನಿನ್ಹತ್ರ ಬುರ್ಖಾಗಳಿವೆಯಂತಲ್ಲ. ನಾಳೆ ಒಂದು ಹೊತ್ತಿಗೆ ಬೇಕಿತ್ತು. ಡೇರೆ ಮುಂದೆ ಸಾಲು ನಿಲ್ಲಿಸ್ಬೇಕು. ಫೋಟೋ ತೆಗೆಯೋರು ಬರ್ತಾರೆ."

"ಹೆಂಗಸರ ಡೇರೆ ಮುಂದೇನಾ?"

"ಹೂಂ."

"ಮೌಲವಿ ಒಪ್ಪಿದ್ನಾ?"

"ಒಪ್ಪಿದಾರೆ ಅಜ್ಜಿ."

ಅವನು ನನ್ನ ಮುಖ ನೋಡಲಿಲ್ಲ. ಮರ್ಯಾದಸ್ಥ ಹುಡುಗ, ಹೆಂಗಸರ ಮುಖ ನೋಡಿ ಮಾತಾಡುವುದಿಲ್ಲ ಅಂದುಕೊಂಡೆ. ಬುರ್ಖಾ ಮಣ್ಣುಪಾಲಾದ ಹೆಂಗಸರು ಬೇಕಾದಷ್ಟಿದ್ದಾರೆ, ಅವರು ಡೇರೆಗೆ ಬರಲಿ ಅಂತಲೇ ಇದು ಅಂದುಕೊಂಡೆ. ಪೆಟ್ಟಿಗೆ ತೆರೆದೆ. ಒಳಗಿನವರಿಗೂ ಒಂದು ಮಾತು ಹೇಳಿದೆ: "ಏಳ್ರವ್ವಾ. ಬದುಕಿರೋರಿಗೆ ಒಂದ್ಹೊತ್ತು ಮರೆಯಾಗಿ ಬನ್ನಿ."

ಜಂದಾದ್ ಗಂಟು ಮುಟ್ಟಲು ಹಿಂಜರಿದ. "ಇವು... ಹೆಣದ ಮೇಲಿದ್ದವಾ?"

"ಗೂಟದ ಮೇಲಿದ್ದವು. ಒಗೆದಿದ್ದೀನಿ ಕಣೋ. ನಿನ್ನ ಅಂಗಿಗಿಂತ ಚೊಕ್ಕ ಇವೆ, ಎತ್ಕೋ."

ಮಾರನೆಯ ದಿನ ಗುಲಾಲೈಯನ್ನು ಕರೆದುಕೊಂಡು ಹೋದೆ. ಶಾಲೆಯ ಮುರಿದ ಗೋಡೆಯ ಹತ್ತಿರ ಅವಳು ಏದುಸಿರು ಬಿಡುತ್ತ ನಿಂತಳು. ಅಲ್ಲಿಂದ ಬಯಲು ಕಾಣುತ್ತಿತ್ತು. ಡೇರೆಯ ಮುಂದೆ ಉದ್ದಕ್ಕೆ ನೀಲಿ ಸಾಲು. ಮೌಲವಿ ಹಿಜ್ರತ್ ಹಗ್ಗದ ಮಂಚದ ಮೇಲೆ ಕೂತು ಹಸಿರು ಚಹಾ ಕುಡಿಯುತ್ತಿದ್ದ.

"ಎಷ್ಟೊಂದು ಜನ ಬಂದಿದಾರೆ ಅತ್ತೆ!" ಎಂದಳು ಗುಲಾಲೈ. "ನಮ್ಮ ಸರದಿ ಬರುತ್ತೋ ಇಲ್ವೋ."

ಆಗ ಸಾಲು ಮುಂದಕ್ಕೆ ಸರಿಯಿತು. ಅವರ ನಡಿಗೆ ನೋಡಿದೆ. ಕಾಲು ಅಗಲ ಮಾಡಿ, ಭುಜ ಬೀಸಿ ನಡೆಯುತ್ತಿದ್ದರು. ಕೆಳಗೆ ಬೂಟುಗಳು.

"ಇದ್ರೊಳಗಿಂದ ಏನೂ ಕಾಣಲ್ವಲ್ಲೋ ಮಾರಾಯ!" ಒಂದು ಬುರ್ಖಾದಿಂದ ಜಂದಾದನ ದನಿ ಬಂತು. ಅವನ ಹೊಟ್ಟೆಗೆ ದಿಂಬು ಕಟ್ಟಿದ್ದರು. "ಈ ಹೆಂಗಸರು ಎಡವದೆ ಹೇಗ್ ನಡೀತಾರೋ!"

"ಸುಮ್ನಿರೇ ಬಸುರಿ," ಎಂದಿತು ಹಿಂದಿನ ಬುರ್ಖಾ. "ಜಾಸ್ತಿ ಮಾತಾಡಿದ್ರೆ ಇಲ್ಲೇ ಹಡೀತೀಯ."

ಸಾಲಿಗೆ ಸಾಲೇ ನಕ್ಕಿತು.

"ನಗ್ಬೇಡ್ರಪ್ಪಾ, ಅಲ್ಲಾಡುತ್ತೆ," ಎಂದ ಫೋಟೋದವನು. "ಬೂಟು ಮುಚ್ಕೊಳ್ಳಿ. ಎದೆ ಉಬ್ಬಿಸ್ಬೇಡಿ. ತಲೆ ತಗ್ಗಿಸಿ, ಇನ್ನೂ ತಗ್ಗಿಸಿ. ಹಾಂ, ಈಗ ಹೆಂಗಸರ ಥರ ಆಯ್ತು."

ಗುಲಾಲೈಗೆ ಮೊದಲು ನಗು ಬಂತು. ಆಮೇಲೆ ನನ್ನ ತೋಳನ್ನು ಉಗುರಿಳಿಯುವಂತೆ ಹಿಡಿದಳು.

"ಅತ್ತೆ, ಅದು ಸ್ತೋರೈ."

ಸಾಲಿನ ನಡುವೆ ಕಣ್ಣಿನ ಜಾಲರಿಗೆ ಹಸಿರು ಹೊಲಿಗೆ ಹಾಕಿದ ಬುರ್ಖಾ. ಅದರ ಮುಂದೆ ಶಾಲೆಯ ಕಾವಲುಗಾರನ ಇಬ್ಬರು ಹೆಣ್ಣುಮಕ್ಕಳದು. ಹಿಂದೆ ಗಿರಣಿಯ ಮುದುಕಿಯದು. ಎಲ್ಲರನ್ನೂ ಈ ಕೈಯಲ್ಲೇ ತೊಳೆದಿದ್ದೆ. ಕರ್ಪೂರ ಹಚ್ಚಿ, ಜಡೆ ಎರಡು ಮಾಡಿ ಎದೆಯ ಮೇಲಿಟ್ಟು ಕಳಿಸಿದ್ದೆ. ಕಲ್ಲಿನ ಕೆಳಗೆ ಇವರು ಕೂಗಿದಾಗ ಯಾರೂ ಮುಟ್ಟಲಿಲ್ಲ. ಈಗ ಬೂಟು ಹಾಕಿಕೊಂಡು ಡೇರೆಯ ಮುಂದೆ ಔಷಧಿಗೆ ನಿಂತಿದ್ದರು. ಗಾಳಿ ಬಂದು ನೀಲಿ ಬಟ್ಟೆ ಉಬ್ಬಿದಾಗ, ಒಳಗಿರುವವರು ಗಂಡಸರು ಅನ್ನುವುದೇ ನನಗೆ ಮರೆತುಹೋಯಿತು.

ಕ್ಯಾಮೆರಾ ಟಕ್ ಟಕ್ ಅಂದಿತು. ಆಗಲೇ ಹಸಿರು ಹೊಲಿಗೆಯ ಹಿಂದಿನ ಬುರ್ಖಾ ಸಾಲು ಬಿಟ್ಟು ಹೊರಬಂತು. ಮುಸುಕೆತ್ತಿ ನೆಲದ ಮೇಲೆ ಕುಸಿದು ಕೂತವನು ತಾಜ್‌ಮೀರ್. ಅವನು ಸಂಸ್ಥೆಯಲ್ಲಿ ದಿನಗೂಲಿಗೆ ಗುಂಡಿ ತೋಡುತ್ತಿದ್ದ.

"ಆ ಅಂಚಲ್ಲಿ ಸುಟ್ಟ ತೂತಿದೆ. ನನ್ನ ಚಿಲುಮೆ ಕಿಡಿ ಬಿದ್ದಿದ್ದು," ಎಂದ. "ನಾನು ಅವಳ ಹಿಂದೆ ನಿಲ್ಲಲಾರೆ. ಅವಳಿಗೆ ಬೂಟು ಹಾಕ್ಸಿದೀರಲ್ಲೋ."

ನಾನು ಗೋಡೆ ದಾಟಿ ಬಯಲಿಗೆ ಇಳಿದೆ.

"ಯಾರದು?" ಮೌಲವಿ ಮಂಚದಿಂದ ಎದ್ದ. "ಹೆಂಗಸರು ಇಲ್ಲಿ ಬರೋ ಹಾಗಿಲ್ಲ!"

"ಇಲ್ಲಿ ಹೆಂಗಸರೇ ತುಂಬಿದಾರಲ್ಲ ಮೌಲವಿ. ಒಬ್ಬಳು ತುಂಬು ಬಸುರಿ ಬೇರೆ."

ಬರ್ಯಾಲೈ ಓಡಿ ಬಂದು ಅಡ್ಡ ನಿಂತ. "ಅಜ್ಜಿ, ದಮ್ಮಯ್ಯ ಅಂತೀನಿ. ದುಡ್ಡು ಕೊಡೋರಿಗೆ ಹೆಂಗಸರ ಫೋಟೋ ಬೇಕು, ಇಲ್ದಿದ್ರೆ ಡೇರೆ ಎತ್ಕೊಂಡ್ಹೋಗು ಅಂತಾರೆ. ಇವರಿಗೆ ಹೆಂಗಸರು ಕಾಣ್ಬಾರ್ದು, ಕಂಡ್ರೆ ಡೇರೆ ಸುಡ್ತೀವಿ ಅಂತಾರೆ. ನಾನೆಲ್ಲಿಗೆ ಹೋಗ್ಲಿ? ನಮ್ಮಕ್ಕ ಮನೇಲಿ ಗೋಡೆ ನೋಡ್ತಾ ಕೂತಿದಾಳೆ. ನನಗೆ ಗೊತ್ತಿಲ್ವಾ?"

"ಗೊತ್ತಿದ್ದೂ ಸತ್ತೋರನ್ನ ಸಾಲು ನಿಲ್ಲಿಸಿದ್ಯಲ್ಲ ಮಗಾ."

ಅವನು ತಲೆ ತಗ್ಗಿಸಿದ. ನಾನು ಮೌಲವಿಯ ಕಡೆ ತಿರುಗಿದೆ.

"ಅಲ್ಲಿ ಗೋಡೆ ಹಿಂದೆ ನಿಜವಾದ ಬಸುರಿ ನಿಂತಿದಾಳೆ. ಒಂದೇ ಒಂದ್ಸಲ ರೋಖಾನಾ ಅವಳ ಹೊಟ್ಟೆ ಮುಟ್ಟಿ ನೋಡ್ಲಿ. ಆಮೇಲೆ ಡೇರೆ ಬೇಕಾದ್ರೆ ಸುಡು."

"ಮೇಲಿನ ಹುಕುಂ ಮುದುಕಿ. ನಾನು ಬದಲಾಯಿಸೋಕಾಗಲ್ಲ. ಅಲ್ಲಾ ಕಾಪಾಡ್ತಾನೆ, ನಡಿ."

"ಸರಿ. ಹಾಗಾದ್ರೆ ನನ್ನ ಹುಕುಂ ಕೇಳು. ಇವತ್ತಿಂದ ನಾನು ಹೆಣ ತೊಳೆಯಲ್ಲ."

ಈ ಕಣಿವೆಯಲ್ಲಿ ಹೆಂಗಸಿನ ಹೆಣ ತೊಳೆಯುವವಳು ನಾನೊಬ್ಬಳೇ. ಉಳಿದವರಿಗೆ ಬರುವುದಿಲ್ಲ. ಬಂದರೂ ಮಾಡುವುದಿಲ್ಲ. ಹೆಣ ಮುಟ್ಟಿದವಳ ಮಗಳನ್ನು ಯಾರು ಸೊಸೆ ಮಾಡಿಕೊಳ್ಳುತ್ತಾರೆ? ಗಂಡನೂ ತೊಳೆಯುವಂತಿಲ್ಲ. ಉಸಿರು ನಿಂತ ಕ್ಷಣಕ್ಕೆ ಅವನೂ ಅನ್ಯ.

"ತೊಳೆಯಲ್ಲ ಅಂದ್ರೆ?" ಎಂದ ಮೌಲವಿ.

"ಅಂದ್ರೆ ತೊಳೆಯಲ್ಲ. ನಿಮ್ಮ ಮನೆ ಹೆಂಗಸರು ಸತ್ರೆ ಇಗೋ, ಈ ಬುರ್ಖಾ ಹಾಕಿರೋ ಜಂದಾದನ್ನ ಕರೀರಿ. ಫೋಟೋಗೆ ಇವನು ಹೆಂಗಸಾದ್ರೆ ಹೆಣಕ್ಕೂ ಹೆಂಗಸೇ. ಇವನೇ ನಿನ್ನ ಮನೆಯವರ ಮೈ ಬಿಚ್ಚಿ ತೊಳೀಲಿ."

"ನಾಲಿಗೆ ಬಿಗಿ ಹಿಡಿ! ಜೈಲಿಗೆ ಹಾಕ್ತೀನಿ."

"ಹಾಕು. ಜೈಲಲ್ಲಿ ಹೆಂಗಸು ಸತ್ರೂ ನನ್ನನ್ನೇ ಹುಡುಕ್ತೀರ."

ಅವನ ತಾಯಿ ಹಾಸಿಗೆ ಹಿಡಿದದ್ದು ಊರಿಗೆಲ್ಲ ಗೊತ್ತಿತ್ತು. ನಾನು ಆ ಹೆಸರೆತ್ತಲಿಲ್ಲ. ಒಳ್ಳೆಯ ಮುದುಕಿ, ಅವಳ ಸಾವನ್ನು ನಾನೇಕೆ ಬಾಯಲ್ಲಿ ತರಲಿ? ತರುವ ಅಗತ್ಯವೂ ಇರಲಿಲ್ಲ. ಮೌಲವಿ ಆಗಲೇ ತನ್ನ ಮನೆಯ ದಿಕ್ಕಿಗೆ ನೋಡುತ್ತಿದ್ದ.

ನಾನು ಸಾಲಿನ ಉದ್ದಕ್ಕೂ ಹೋಗಿ ಒಂದೊಂದೇ ಬುರ್ಖಾ ಕಳಚಿದೆ. ಒಬ್ಬನೂ ತಡೆಯಲಿಲ್ಲ. ಒಳಗಿನಿಂದ ಬೆವೆತ ಮುಖಗಳು, ಗಡ್ಡಗಳು ಬಂದವು. ನನ್ನ ಕೈ ತಾಗಬಾರದು ಅಂತ ಅವರೇ ಬಾಗಿ ತಲೆ ಕೊಟ್ಟರು. ಸ್ತೋರೈಯದನ್ನು ಕಡೆಗೆ ತೆಗೆದು ತಾಜ್‌ಮೀರನಿಗೆ ಕಾಣದಂತೆ ಗಂಟಿನ ತಳಕ್ಕೆ ಹಾಕಿದೆ.

ಫೋಟೋ ಅಷ್ಟರಲ್ಲಿ ಆಗಿಹೋಗಿತ್ತು. ಕಳಿಸಿದರು. ದುಡ್ಡು ಕೊಡುವವರು ತುಂಬ ಮೆಚ್ಚಿಕೊಂಡರಂತೆ. ಡೇರೆಗೆ ಇನ್ನೊಂದು ವರ್ಷಕ್ಕೆ ದುಡ್ಡು ಬಂತು. ಯಾವುದೋ ದೇಶದ ಗೋಡೆಯ ಮೇಲೆ ನಮ್ಮ ಊರಿನ ಸತ್ತವರು ತಲೆ ತಗ್ಗಿಸಿ ಔಷಧಿಗೆ ಕಾಯುತ್ತಿದ್ದಾರೆ.

ಗುಲಾಲೈ ಮಾತು ಬಿಟ್ಟಳು. ಕೂತಲ್ಲೇ ಪಕ್ಕೆ ಹಿಡಿದುಕೊಳ್ಳುತ್ತಿದ್ದಳು. ಒಂದು ದಿನ ಮಾತ್ರ ಕೇಳಿದಳು: "ಅತ್ತೆ, ನಾನು ಹೋದ್ರೆ ನನ್ನನ್ನಾದ್ರೂ ತೊಳೀತೀಯಲ್ವಾ?" ನಾನು ಕೈಯಲ್ಲಿದ್ದ ಹಿಟ್ಟಿನ ಉಂಡೆಯನ್ನು ಅವಳ ಕಡೆ ಎಸೆದೆ. ಎಸೆದು ಅತ್ತುಬಿಟ್ಟೆ.

ಬೆಟ್ಟದ ತುದಿಗೆ ಹಿಮ ಬಿದ್ದ ವಾರ, ಬೆಳಗ್ಗೆ, ಬಂದೂಕಿನವರಿಬ್ಬರು ಬಾಗಿಲಿಗೆ ಬಂದರು.

"ಮೌಲವಿ ಸಾಹೇಬರ ತಾಯಿ ತೀರ್ಕೊಂಡ್ರು. ಬಾ."

"ಬಿಟ್ಟಿದೀನಿ ಅಂತ ಹೇಳು."

ಅವರು ಹೋದರು. ಸ್ವಲ್ಪ ಹೊತ್ತಿಗೆ ಮೌಲವಿಯೇ ಬಂದ. ಬಾಗಿಲ ಪರದೆಯ ಆಚೆ ನಿಂತ. ಜೊತೆಗೆ ಯಾರೂ ಇರಲಿಲ್ಲ.

"ಅಮ್ಮಾ," ಎಂದ. ಅವತ್ತು ಮುದುಕಿ ಅಂದಿದ್ದ ಬಾಯಿ. "ನಮ್ಮವ್ವ ಹಾಗೇ ಮಲಗಿದಾಳೆ. ಮುಟ್ಟೋರಿಲ್ಲ. ಹೊತ್ತು ಹೋಗ್ತಿದೆ."

ನಾನು ಕಲ್ಲಲ್ಲ. ಆದರೆ ಗುಲಾಲೈ ಗೋಡೆಗೊರಗಿ ನನ್ನನ್ನೇ ನೋಡುತ್ತಿದ್ದಳು.

"ಬರ್ತೀನಿ," ಎಂದೆ. "ಆದ್ರೆ ನನಗೆ ವಯಸ್ಸಾಯ್ತು. ಮೈ ಹೊರಳಿಸೋಕೆ ಗಟ್ಟಿ ಕೈ ಬೇಕು. ರೋಖಾನಾ ಬರ್ಲಿ, ಅವಳ ತಮ್ಮ ಕರ್ಕೊಂಡ್ಬರ್ತಾನೆ. ನೀರು ಹೊಯ್ಯೋಕೆ ನನ್ನ ಸೊಸೆ ಬರ್ತಾಳೆ. ಪರದೆ ಎಳೆದ್ಮೇಲೆ ನಾನೇ ತೆಗೆಯೋವರೆಗೂ ಯಾರೂ ಕರೀಬಾರ್ದು."

ಮೌಲವಿ ಪರದೆಗೆ ಒಂದು ಹೆಜ್ಜೆ ಹತ್ತಿರ ಬಂದ.

"ಹೆಣ ತೊಳೆಯೋಕೆ ತಾನೇ?"

"ಹೆಣ ತೊಳೆಯೋಕೆ."

"ಸಂಸ್ಥೆಯಲ್ಲಿ ಕೆಲಸ ಮಾಡ್ಬಾರ್ದು ಅಂತಿದೆ," ಎಂದ ನಿಧಾನವಾಗಿ. "ಹುಕುಂನಲ್ಲಿ ಹೆಣದ ಮಾತಿಲ್ಲ."

ಅವನಿಗೆ ತಿಳಿಯಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮೊದಲು ಮುದುಕಿಯನ್ನು ತೊಳೆದೆ. ಚೂರೂ ಕಡಿಮೆ ಮಾಡಲಿಲ್ಲ. ಬೆನ್ನಿನ ಹುಣ್ಣುಗಳನ್ನು ಮಗುವಿನ ಮೈ ಒರೆಸಿದ ಹಾಗೆ ಒರೆಸಿದೆ. ಹೆಣಕ್ಕೆ ಹೊದಿಸುವ ಬಿಳಿ ಕಫನ್ ಸುತ್ತಿ, ಮುಖ ಮಾತ್ರ ಬಿಟ್ಟು ಮಲಗಿಸಿದೆ. ಆಮೇಲೆ ಉಳಿದ ಬಿಸಿನೀರಿನಲ್ಲಿ ರೋಖಾನಾ ಸೋಪು ಹಚ್ಚಿ ಮೊಣಕೈವರೆಗೆ ಕೈ ತೊಳೆದುಕೊಂಡಳು. ಹೆಣದ ಪಕ್ಕದಲ್ಲೇ ಚಾಪೆ ಹಾಸಿ ಗುಲಾಲೈಯನ್ನು ಮಲಗಿಸಿದಳು. ಹೊಟ್ಟೆಗೆ ಕಿವಿಯಿಟ್ಟಳು, ಒತ್ತಿ ನೋಡಿದಳು.

"ತಲೆ ಮೇಲಿದೆ. ಇನ್ನೂ ಜಾಗ ಇದೆ, ತಡ ಆಗಿಲ್ಲ. ನೋವಾಗುತ್ತೆ ಕಣೇ, ತಡ್ಕೋ."

ಗುಲಾಲೈ ಸೆರಗು ಕಚ್ಚಿಕೊಂಡಳು.

"ಕಚ್ಬೇಡ, ಬಾಯ್ಬಿಟ್ಟು ಕೂಗು," ಎಂದೆ. "ಸಾವಿನ ಮನೇಲಿ ಯಾಕೆ ಅಳ್ತೀಯ ಅಂತ ಯಾರೂ ಕೇಳಲ್ಲ."

ಅವಳು ಕೂಗಿದಳು. ರೋಖಾನಾ ಒಂದು ಕೈಯಲ್ಲಿ ತಲೆ, ಒಂದು ಕೈಯಲ್ಲಿ ಕುಂಡೆ ಹಿಡಿದು, ತಡೆದು, ಮತ್ತೆ ಹಿಡಿದು, ಹಿಟ್ಟು ಮಿದಿಯುವವಳಂತೆ ಒತ್ತುತ್ತಿದ್ದಳು. ಹಣೆಯಿಂದ ಬೆವರು ಇಳಿಯುತ್ತಿತ್ತು. ಹೊರಗೆ ಗಂಡಸರು ಪ್ರಾರ್ಥನೆಗೆ ಕೂತಿದ್ದರು. ಗುಲಾಲೈಯ ಕೂಗಿಗೆ ಮೌಲವಿಯೂ ಬಿಕ್ಕಿ ಬಿಕ್ಕಿ ಅತ್ತದ್ದು ನನಗೆ ಕೇಳಿಸಿತು. ಮುದುಕಿ ಬಿಳಿ ಬಟ್ಟೆಯಲ್ಲಿ ಕಾವಲು ಮಲಗಿದ್ದಳು. ಅವಳ ತುಟಿ ಸ್ವಲ್ಪ ತೆರೆದಿತ್ತು. ದವಡೆ ಕಟ್ಟುವುದನ್ನು ಮರೆತಿದ್ದೆನೋ, ಅವಳೇ ತೆರೆದಳೋ.

ಕಡೆಗೆ ಗುಲಾಲೈಯ ಹೊಟ್ಟೆಯೊಳಗೆ ದೊಡ್ಡ ಮೀನು ಹೊರಳಿದಂತೆ ಏನೋ ಹೊರಳಿತು. ಪಕ್ಕೆಯ ಗುಂಡು ಮಾಯವಾಯಿತು.

ರೋಖಾನಾ ಕೈ ಒರೆಸಿಕೊಳ್ಳುವಷ್ಟರಲ್ಲಿ ಪರದೆಯ ಅಂಚು ಅಲ್ಲಾಡಿತು. ಮೌಲವಿಯ ಹೆಂಡತಿ. ಅಂಗಿ ಸರಿಸಿ ಎದೆಯ ಗಂಟು ತೋರಿಸಿದಳು. ಅವಳ ಹಿಂದೆ ಅವಳ ನಾದಿನಿ, ಅವಳ ಹಿಂದೆ ನೆರೆಮನೆಯವಳು, ಕೈಯಲ್ಲಿ ಸುಡುವ ಮೈಯ ಕೂಸು. ಅವತ್ತು ಮುದುಕಿಯನ್ನು ಎತ್ತುವುದು ತಡವಾಯಿತು. ಎಂಥಾ ಶ್ರದ್ಧೆಯಿಂದ ತೊಳೀತಾಳಪ್ಪ ಎಂದರಂತೆ ಹೊರಗಿನ ಗಂಡಸರು.

ಗುಲಾಲೈಗೆ ಹೆಣ್ಣು ಮಗು. ತಲೆ ಮುಂದಾಗಿಯೇ ಬಂತು.

ನಾನು ಈಗ ಮತ್ತೆ ಹೆಣ ತೊಳೆಯುತ್ತೇನೆ. ರೋಖಾನಾ ನನ್ನ ಸಹಾಯಕಿ. ಸಂಸ್ಥೆಯ ಔಷಧಿ ಕರ್ಪೂರದ ಗಂಟಿನಲ್ಲಿ ಬರುತ್ತದೆ. ಬರ್ಯಾಲೈ ಹೊರಗೆ ಗಂಡಸರ ಜೊತೆ ಕೂತು ಎಲ್ಲರಿಗಿಂತ ಉದ್ದಕ್ಕೆ ಪ್ರಾರ್ಥನೆ ಹೇಳುತ್ತಾನೆ. ಯಾರದೇ ಮನೆಯಲ್ಲಿ ಹೆಂಗಸು ಸತ್ತರೂ ಏಳು ಊರಿನ ಹೆಂಗಸರು ಅಳುತ್ತ ಬಂದು ಸೇರುತ್ತಾರೆ. ನಮ್ಮ ಹೆಂಗಸರಿಗೆ ಸತ್ತವರ ಮೇಲೆ ಎಷ್ಟು ಪ್ರೀತಿ ಅಂತ ಗಂಡಸರು ಹೊಗಳುತ್ತಾರೆ. ಆದರೆ ಈ ಚಳಿಗಾಲ ಹೆಂಗಸರು ಯಾರೂ ಸಾಯುತ್ತಿಲ್ಲ.

ಮೊನ್ನೆ ಹೊಳೆಯ ಹತ್ತಿರ ಮೇಲೂರಿನವಳೊಬ್ಬಳು ನನಗಾಗಿ ಕಾಯುತ್ತಿದ್ದಳು. ಹೊಸ ಹುಡುಗಿ, ತುಂಬಿದ ಹೊಟ್ಟೆ, ಊದಿದ ಕಾಲು. ಅತ್ತ ಇತ್ತ ನೋಡಿ ಪಿಸುಗುಟ್ಟಿದಳು.

"ದೊಡ್ಡಮ್ಮ, ಈ ಕಡೆ ಯಾರಾದ್ರೂ ಮುದುಕಿ ಹಾಸಿಗೆ ಹಿಡಿದಿದಾಳಾ? ನನ್ನ ಹೆರಿಗೆಗೆ ಜಾಸ್ತಿ ದಿನ ಉಳಿದಿಲ್ಲ."

"ಯಾರೂ ಸಿಗದಿದ್ರೆ ಸಾಯೋಕೆ ನಾನಿದೀನಲ್ಲೇ, ಹೋಗು," ಎಂದು ನಕ್ಕೆ.

ಅವಳು ನಗಲಿಲ್ಲ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.